ಹಿಮ ಎಲ್ಲ ಕಡೆಯೂ ಇದೆ, ನೀರು ನೋಡಿ ಊರು ಆರಿಸಿ

ಪ್ರಶ್ನೆ: ಫೆಬ್ರವರಿ ಎರಡನೆಯ ವಾರ ನಾನು, ನನ್ನ ಪತಿ, ಹತ್ತು ವರ್ಷದ ಮಗ ಮತ್ತು 66 ವರ್ಷದ ಅತ್ತೆ ಜಪಾನ್‌ಗೆ ಹೊರಟಿದ್ದೇವೆ. ಟೋಕಿಯೊ ನೋಡಿದ ಮೇಲೆ ನಾಲ್ಕು ರಾತ್ರಿಗಳನ್ನು ಸ್ಕೀಯಿಂಗ್ ಮತ್ತು ಬಿಸಿನೀರಿನ ಬುಗ್ಗೆ ಎರಡೂ ಇರುವ ಊರಿನಲ್ಲಿ ಕಳೆಯುವ ಆಸೆ. ನಾವು ಯಾರೂ ಈವರೆಗೆ ಸ್ಕೀ ಕಟ್ಟಿಕೊಂಡವರಲ್ಲ. ಅತ್ತೆಗೆ ಮಂಡಿನೋವು, ರಕ್ತದೊತ್ತಡಕ್ಕೆ ಮಾತ್ರೆ. ಎಲ್ಲರೂ ಸಸ್ಯಾಹಾರಿಗಳು. ನಿಸೆಕೊ, ನೊಜಾವಾ, ಜಾವೊ, ಕುಸಾತ್ಸು ಎಂಬ ನಾಲ್ಕು ಹೆಸರುಗಳನ್ನು ಪಟ್ಟಿ ಮಾಡಿಕೊಂಡಿದ್ದೇವೆ. ಯಾವುದು ಸರಿ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಮಾಡಿಕೊಂಡಿರುವ ಪಟ್ಟಿಯಲ್ಲಿ ನಾಲ್ಕು ಬೇರೆ ಬೇರೆ ಜಾತಿಯ ಊರುಗಳಿವೆ. ಪ್ರವಾಸದ ಪುಸ್ತಕಗಳು ಅವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಷ್ಟು ಮೀಟರ್ ಹಿಮ, ಎಷ್ಟು ಲಿಫ್ಟ್, ಇಳಿಜಾರು ಎಷ್ಟು ಉದ್ದ ಎಂದು ಅಳೆಯುತ್ತವೆ. ಆ ಅಳತೆ ಸ್ಕೀ ಬಲ್ಲವರಿಗೆ. ಮೊದಲ ಬಾರಿಗೆ ಕಲಿಯುವವರು ಇಡೀ ದಿನದಲ್ಲಿ ಬಳಸುವುದು ಸಣ್ಣದೊಂದು ತಗ್ಗಿನ ಜಾಗವನ್ನು ಮಾತ್ರ. ಎರಡು ಗಂಟೆ ಕಲಿತರೆ ತೊಡೆ ನಡುಗುತ್ತದೆ, ಮಧ್ಯಾಹ್ನದ ನಂತರ ಇನ್ನೊಂದು ಗಂಟೆ ಬಿದ್ದೆದ್ದರೆ ಸಾಕಪ್ಪಾ ಎನಿಸುತ್ತದೆ. ಸಂಜೆ ಐದೂ ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಉಳಿದ ಹೊತ್ತೆಲ್ಲ ನೀವು ಇರುವುದು ಊರಿನಲ್ಲಿ, ಸ್ನಾನದ ಮನೆಯಲ್ಲಿ, ಊಟದ ಮುಂದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಹಿಮವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಅದು ನಾಲ್ಕೂ ಕಡೆ ನಿಮಗೆ ಬೇಕಾದದ್ದಕ್ಕಿಂತ ಹೆಚ್ಚೇ ಇದೆ. ಆ ಊರಿನ ನೀರು ಎಂಥದ್ದು, ಸ್ಕೀ ಮಾಡದವರಿಗೆ ಅಲ್ಲಿ ಏನಿದೆ ಎಂಬುದನ್ನು ನೋಡಿ.

ಬರೀ ಸ್ಕೀ ಕಲಿಯುವುದೇ ಗುರಿಯಾದರೆ ಜಪಾನ್‌ವರೆಗೆ ಹೋಗುವ ಅಗತ್ಯವೂ ಇಲ್ಲ. ಗುಲ್ಮರ್ಗ್ ಇದೆ, ಔಲಿ ಇದೆ. ಮನಾಲಿಯ ಹತ್ತಿರ ಸೋಲಂಗ್‌ನಲ್ಲಿ ಹಿಮದಲ್ಲಿ ಜಾರಿ, ವಶಿಷ್ಠ ಗ್ರಾಮದ ಬಿಸಿನೀರಿನ ಕುಂಡದಲ್ಲಿ ಮಿಂದು ಬರಬಹುದು. ಜಪಾನ್‌ಗೆ ಅಷ್ಟು ಹಣ ಸುರಿದು ಹೋಗುವುದಾದರೆ ಅಲ್ಲಿ ಮಾತ್ರ ಸಿಗುವುದನ್ನು ಹುಡುಕಬೇಕು.

ಆ ಲೆಕ್ಕದಲ್ಲಿ ನಿಸೆಕೊವನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಹೊಕ್ಕೈಡೊ ದ್ವೀಪದ ಈ ಊರಿನ ಹಿಮ ಪುಡಿಯಂತೆ ಹಗುರ, ವರ್ಷಕ್ಕೆ ಸುಮಾರು 15 ಮೀಟರ್ ಬೀಳುತ್ತದೆ, ಜಗತ್ತಿನ ಸ್ಕೀ ಹುಚ್ಚರು ಅದಕ್ಕಾಗಿಯೇ ಬರುತ್ತಾರೆ. ಆದರೆ ಹೊಸಬರಿಗೆ ಆಳವಾದ ಪುಡಿಹಿಮ ವರವಲ್ಲ, ಕಾಟ. ಬಿದ್ದರೆ ಏಳುವುದೇ ಒಂದು ಸಾಹಸ. ಇಂಗ್ಲಿಷ್‌ನಲ್ಲಿ ಪಾಠ ಹೇಳುವವರು ಅಲ್ಲಿ ಧಾರಾಳವಾಗಿ ಸಿಗುತ್ತಾರೆ ಎಂಬುದು ನಿಜ. ಬಿಸಿನೀರೂ ಇದೆ. ಆದರೆ ಅಲ್ಲಿನ ಹಿರಾಫು ಬೀದಿಯಲ್ಲಿ ನಡೆದರೆ ಜಪಾನ್‌ನಲ್ಲಿದ್ದೇನೆಯೇ ಆಸ್ಟ್ರೇಲಿಯಾದಲ್ಲಿದ್ದೇನೆಯೇ ಎಂದು ಅನುಮಾನ ಬರುತ್ತದೆ, ಬೆಲೆಗಳೂ ಹಾಗೆಯೇ. ನಿಸೆಕೊದ ನಾಲ್ಕೂ ಸ್ಕೀ ಪ್ರದೇಶಗಳಿಗೆ ಸೇರಿದ ಒಂದು ದಿನದ ಲಿಫ್ಟ್ ಟಿಕೆಟ್ 10 ಸಾವಿರ ಯೆನ್ ದಾಟಿದೆ. ಟೋಕಿಯೊದಿಂದ ಮತ್ತೆ ವಿಮಾನ, ಶಿನ್ ಚಿತೋಸೆ ನಿಲ್ದಾಣದಿಂದ ಎರಡೂವರೆ ಗಂಟೆಯ ಬಸ್. ನಾಲ್ಕು ರಾತ್ರಿಗೆ ಇದು ದಂಡ.

ಉಳಿದ ಮೂರು ಊರುಗಳನ್ನು ನಿಧಾನವಾಗಿ ನೋಡೋಣ.

ಕುಸಾತ್ಸು ಗುನ್ಮಾ ಪ್ರಾಂತ್ಯದಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ. ನೀರಿನ ವಿಷಯಕ್ಕೆ ಬಂದರೆ ಇದು ಜಪಾನ್‌ನ ದೊಡ್ಡ ಹೆಸರು. ಊರಿನ ನಟ್ಟನಡುವೆ ‘ಯುಬತಾಕೆ’ ಇದೆ. ಬುಗ್ಗೆಯಿಂದ ಉಕ್ಕುವ ನೀರು ಉದ್ದನೆಯ ಮರದ ದೋಣಿಗಳಲ್ಲಿ ಹರಿದು, ತಣಿದು, ಕೆಳಗೆ ಜಲಪಾತದಂತೆ ಬೀಳುತ್ತದೆ. ಮರದ ತಳದಲ್ಲಿ ಹಳದಿ ಗಂಧಕ ಗಟ್ಟಿಯಾಗಿ ಕೂರುತ್ತದೆ, ಅದನ್ನು ಕೆರೆದು ಮಾರುತ್ತಾರೆ. ಇಡೀ ಊರಿನಲ್ಲಿ ತಾನಾಗಿಯೇ ಉಕ್ಕುವ ನೀರು ನಿಮಿಷಕ್ಕೆ 32 ಸಾವಿರ ಲೀಟರ್‌ಗೂ ಹೆಚ್ಚು. ಅದರ ಪಿಎಚ್ 2ರ ಆಸುಪಾಸು, ಎಂದರೆ ನಿಂಬೆರಸದಷ್ಟು ಹುಳಿ. ಈ ನೀರು ಸೇರುವ ಹೊಳೆಯಲ್ಲಿ ಮೀನು ಬದುಕುತ್ತಿರಲಿಲ್ಲ, ಸೇತುವೆಯ ಕಾಂಕ್ರೀಟ್ ಸವೆಯುತ್ತಿತ್ತು. ಅದಕ್ಕಾಗಿ 1964ರಿಂದ ಹೊಳೆಗೆ ಹಗಲೂ ರಾತ್ರಿ ಸುಣ್ಣದ ಹಾಲು ಸುರಿಯುವ ಕಾರ್ಖಾನೆಯೊಂದು ನಡೆಯುತ್ತಿದೆ. ನೀರು ಬಹಳ ಬಿಸಿ. ತಣ್ಣೀರು ಬೆರೆಸಿದರೆ ಅದರ ಸತ್ವ ಕೆಡುತ್ತದೆಂದು ಅಗಲವಾದ ಮರದ ಹಲಗೆಗಳಿಂದ ಹಾಡುತ್ತ ಕಲಕಿ ಆರಿಸುವ ಪದ್ಧತಿ ಅಲ್ಲಿಯದು. ಅದನ್ನು ಈಗ ಪ್ರವಾಸಿಗರಿಗಾಗಿ ಪ್ರದರ್ಶನವಾಗಿ ತೋರಿಸುತ್ತಾರೆ, ಮಕ್ಕಳಿಗೆ ಖುಷಿ.

ಸ್ಕೀಯಿಂಗ್ ಮಾತ್ರ ಅಲ್ಲಿ ಚಿಕ್ಕದಾಗಿದೆ. 2018ರ ಜನವರಿ 23ರಂದು ಮೇಲಿನ ಮೊತೊಶಿರಾನೆ ಜ್ವಾಲಾಮುಖಿ ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿದು ಒಬ್ಬ ಯೋಧ ಸತ್ತರು, ರೋಪ್‌ವೇ ಹಾಳಾಯಿತು, ಅದನ್ನು ಮತ್ತೆ ಕಟ್ಟಲಿಲ್ಲ. ಈಗ ಉಳಿದಿರುವುದು ಊರಿಗೆ ಅಂಟಿಕೊಂಡ ತಗ್ಗಿನ ಇಳಿಜಾರುಗಳು. ಸ್ಕೀ ಬಲ್ಲವರು ಮೂಗು ಮುರಿಯುತ್ತಾರೆ, ನಿಮ್ಮಂಥವರಿಗೆ ಅದು ಸಾಕು.

ನೊಜಾವಾ ಒನ್ಸೆನ್ (ಒನ್ಸೆನ್ ಎಂದರೆ ಬಿಸಿನೀರಿನ ಬುಗ್ಗೆ) ನಾಗಾನೊ ಪ್ರಾಂತ್ಯದ ಹಳ್ಳಿ. ನನ್ನ ಮನಸ್ಸಿಗೆ ಹತ್ತಿರವಾದ ಊರು ಇದೇ ಎಂದು ಮೊದಲೇ ಹೇಳಿಬಿಡುತ್ತೇನೆ, ಆದರೂ ಈ ಬಾರಿ ನಿಮಗೆ ಅದನ್ನು ಸೂಚಿಸುವುದಿಲ್ಲ. ಅಲ್ಲಿ ಹಳ್ಳಿಯವರೇ ನಡೆಸುವ 13 ಸಾರ್ವಜನಿಕ ಸ್ನಾನದ ಮನೆಗಳಿವೆ. ಆಯಾ ಕೇರಿಯ ಮನೆಗಳವರು ಸರದಿಯಂತೆ ತೊಳೆಯುತ್ತಾರೆ, ವಿದ್ಯುತ್ ಬಿಲ್ ಕಟ್ಟುತ್ತಾರೆ. ಹೊರಗಿನವರಿಗೂ ಬಾಗಿಲು ತೆರೆದಿರುತ್ತದೆ; ಟಿಕೆಟ್ ಇಲ್ಲ, ಕಾಣಿಕೆ ಡಬ್ಬಿಗೆ ನಾಣ್ಯ ಹಾಕಿದರಾಯಿತು. ಓಗಾಮಾ ಎಂಬಲ್ಲಿ ಸುಮಾರು 90 ಡಿಗ್ರಿಯ ನೀರು ಕುದಿಯುತ್ತಿರುತ್ತದೆ, ಹಳ್ಳಿಯ ಹೆಂಗಸರು ಬುಟ್ಟಿಯಲ್ಲಿ ಸೊಪ್ಪು ಇಳಿಬಿಟ್ಟು ಬೇಯಿಸುತ್ತಾರೆ. ಒಳಗೆ ಕಾಲಿಡುವ ಹಕ್ಕು ಅವರಿಗೆ ಮಾತ್ರ, ನೀವು ಬೇಲಿಯಾಚೆ ನಿಂತು ನೋಡಬೇಕು. ಜನವರಿ 15ರ ರಾತ್ರಿ ದೋಸೊಜಿನ್ ಬೆಂಕಿ ಹಬ್ಬ: ಊರವರು ಕಟ್ಟಿದ ಎತ್ತರದ ಮರದ ಅಟ್ಟದ ಮೇಲೆ 42 ವರ್ಷದ ಗಂಡಸರು ಕೂರುತ್ತಾರೆ, ಕೆಳಗೆ 25ರ ತರುಣರು ಕಾವಲು ನಿಲ್ಲುತ್ತಾರೆ, ಉಳಿದವರು ಪಂಜು ಹಿಡಿದು ಮುತ್ತಿಗೆ ಹಾಕುತ್ತಾರೆ. ಆ ಎರಡೂ ವಯಸ್ಸು ಕೇಡಿನವೆಂದು ಅಲ್ಲಿನವರ ನಂಬಿಕೆ.

ಸ್ಕೀಯಿಂಗ್‌ಗೂ ಕೊರತೆಯಿಲ್ಲ. ಬೆಟ್ಟದ ತುದಿ 1,650 ಮೀಟರ್, ಅಲ್ಲಿಂದ ಊರಿನವರೆಗೆ ಸಾವಿರ ಮೀಟರ್‌ಗೂ ಮಿಕ್ಕಿದ ಇಳಿತ. 1930ರಲ್ಲಿ ಆಸ್ಟ್ರಿಯಾದ ಹಾನೆಸ್ ಶ್ನೈಡರ್ ಬಂದು ಸ್ಕೀ ವಿದ್ಯೆ ತೋರಿಸಿಕೊಟ್ಟ ಊರು ಇದು. ಸಾರಿಗೆಯೂ ಸುಲಭ: ಟೋಕಿಯೊದಿಂದ ಇಯಾಮಾ ನಿಲ್ದಾಣಕ್ಕೆ ಬುಲೆಟ್ ರೈಲಿನಲ್ಲಿ ಎರಡು ಗಂಟೆಗಿಂತ ಕಡಿಮೆ, ಮುಂದೆ 25 ನಿಮಿಷದ ಬಸ್.

ಮತ್ತೇಕೆ ಬೇಡ? ಅತ್ತೆಯವರ ಮಂಡಿಗಾಗಿ. ಊರೆಲ್ಲ ಏರು ತಗ್ಗಿನ ಕಿರಿದಾದ ಓಣಿಗಳು, ಫೆಬ್ರವರಿಯಲ್ಲಿ ಅವು ಗಾಜಿನಂತೆ ಜಾರುತ್ತವೆ. ಸ್ಕೀ ಮೈದಾನದ ಕಡೆಗೆ ಚಾವಣಿಯಿರುವ ಚಲಿಸುವ ಪಥವೊಂದಿದೆ, ಆದರೆ ಊರೊಳಗೆ ಕಾಲೇ ಗತಿ. ಸಾರ್ವಜನಿಕ ಸ್ನಾನದ ಮನೆಗಳ ನೀರೋ, ನಮ್ಮವರಾದರೆ ಹಂಡೆಗೆ ಸೌದೆ ಎಳೆದುಬಿಡಿ ಎನ್ನುವಷ್ಟು ಬಿಸಿ. 44, 45 ಡಿಗ್ರಿ ಇರುವ ತೊಟ್ಟಿಗಳಲ್ಲಿ ಊರಿನ ಅಜ್ಜಂದಿರು ಕಣ್ಣುಮುಚ್ಚಿ ಕೂತಿರುತ್ತಾರೆ. ನಲ್ಲಿ ತಿರುಗಿಸಿ ತಣ್ಣೀರು ಬಿಡಬಹುದು, ಆದರೆ ಒಳಗಿರುವವರನ್ನು ಕೇಳಿಯೇ ಬಿಡಬೇಕು. ರಕ್ತದೊತ್ತಡ ಇರುವವರಿಗೆ ಇದು ಸಲ್ಲದು. ನೀವಿಬ್ಬರೇ ಹೋಗುವ ದಿನ ಬಂದಾಗ ನೊಜಾವಾಕ್ಕೆ ಹೋಗಿ.

ಈಗ ಜಾವೊ. ಯಮಗಾತಾ ಪ್ರಾಂತ್ಯದ ಈ ಊರನ್ನು ನಿಮಗೆ ಸೂಚಿಸುವುದಕ್ಕೆ ಮುಖ್ಯ ಕಾರಣ, ಸ್ಕೀ ಕಟ್ಟದವರೂ ಇಲ್ಲಿ ಬೆಟ್ಟದ ತುದಿಯನ್ನು ಕಾಣಬಹುದು. ಎರಡು ಹಂತದ ರೋಪ್‌ವೇ ಪ್ರವಾಸಿಗರನ್ನು 1,661 ಮೀಟರ್ ಎತ್ತರದ ಜಿಜೊ ನಿಲ್ದಾಣಕ್ಕೆ ಒಯ್ಯುತ್ತದೆ. ಅಲ್ಲಿ ಕಾಣುವುದೇ ‘ಜುಹ್ಯೋ’, ಹಿಮದ ರಾಕ್ಷಸರು.

ಅದು ಆಗುವ ಬಗೆ ಹೀಗೆ. ಸೈಬೀರಿಯಾದ ಒಣಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಳ್ಳುತ್ತದೆ. ಬೆಟ್ಟವನ್ನೇರುವ ಮೋಡದೊಳಗಿನ ಹನಿಗಳು ಶೂನ್ಯಕ್ಕಿಂತ ತಣ್ಣಗಿದ್ದೂ ನೀರಾಗಿಯೇ ಉಳಿದಿರುತ್ತವೆ. ತುದಿಯಲ್ಲಿರುವ ಫರ್ ಮರಗಳ ಎಲೆಗೆ ಬಡಿದ ಕ್ಷಣದಲ್ಲೇ ಹೆಪ್ಪುಗಟ್ಟುತ್ತವೆ. ಹೀಗೆ ಬೆಳೆಯುವ ಮಂಜುಗಡ್ಡೆ ಗಾಳಿ ಬರುವ ದಿಕ್ಕಿಗೇ ಮುಖ ಮಾಡಿ ಚಾಚುತ್ತದೆ, ನಡುವಿನ ಸಂದುಗಳಲ್ಲಿ ಹಿಮ ತುಂಬುತ್ತದೆ. ವಾರಗಟ್ಟಲೆ ಹೀಗೆ ಕೂಡಿಕೊಂಡು ಮರವೇ ಕಾಣದಾಗಿ, ಗೂನು ಬೆನ್ನಿನ ದೈತ್ಯರ ಹಿಂಡು ಬೆಟ್ಟದಲ್ಲಿ ನಿಂತಂತೆ ಆಗುತ್ತದೆ. ಜನವರಿ ಕೊನೆಯಿಂದ ಫೆಬ್ರವರಿಯವರೆಗೆ ಅದು ತುಂಬಿದ ಕಾಲ, ಮಾರ್ಚ್‌ನಲ್ಲಿ ಕುಸಿಯುತ್ತದೆ. ನಿಮ್ಮ ದಿನಾಂಕಗಳು ಸರಿಯಾಗಿ ಅದರ ನಡುವೆಯೇ ಬಿದ್ದಿವೆ. ನೀವು ಡಿಸೆಂಬರ್ ಅಥವಾ ಮಾರ್ಚ್ ಎಂದು ಬರೆದಿದ್ದರೆ ನಾನು ಜಾವೊ ಹೆಸರು ಎತ್ತುತ್ತಿರಲಿಲ್ಲ.

ಒಂದು ಕಹಿ ಸುದ್ದಿಯನ್ನೂ ಹೇಳಬೇಕು. 2013ರಿಂದೀಚೆಗೆ ಪತಂಗದ ಹುಳುಗಳು ಈ ಮರಗಳ ಎಲೆ ತಿಂದವು, ಸೊರಗಿದ ಮರಗಳಿಗೆ ತೊಗಟೆ ಕೊರೆಯುವ ಹುಳು ಬಿತ್ತು. ಮೇಲಿನ ನಿಲ್ದಾಣದ ಸುತ್ತ ಸತ್ತ ಮರಗಳೇ ಹೆಚ್ಚು. ಎಲೆಯಿಲ್ಲದ ಮರಕ್ಕೆ ಹಿಮ ಅಷ್ಟು ದಪ್ಪ ಅಂಟುವುದಿಲ್ಲ, ಹಾಗಾಗಿ ಹಳೆಯ ಪೋಸ್ಟರ್‌ಗಳಲ್ಲಿರುವ ದೃಶ್ಯವನ್ನೇ ನಿರೀಕ್ಷಿಸಬೇಡಿ. ಸಸಿ ನೆಡುವ ಕೆಲಸ ನಡೆಯುತ್ತಿದೆ, ಫಲ ಕಾಣಲು ದಶಕಗಳು ಬೇಕು. ಆದರೂ ನೋಡತಕ್ಕದ್ದು ಎಂಬುದೇ ನನ್ನ ಮಾತು. ನಿಲ್ದಾಣದಿಂದ ನಾಲ್ಕು ಹೆಜ್ಜೆ ಹೊರಗೆ ದೊಡ್ಡದೊಂದು ಕಲ್ಲಿನ ಜಿಜೊ ವಿಗ್ರಹವಿದೆ, ನಮ್ಮ ಸಂಸ್ಕೃತದ ಕ್ಷಿತಿಗರ್ಭ ಬೋಧಿಸತ್ವನೇ ಈತ. ಬೇಸಿಗೆಯಲ್ಲಿ ಮನುಷ್ಯನಿಗಿಂತ ಎತ್ತರ ಕಾಣುವ ವಿಗ್ರಹ ಫೆಬ್ರವರಿಯಲ್ಲಿ ಕುತ್ತಿಗೆಯವರೆಗೆ ಹೂತು, ಹಿಮದ ಮೇಲೆ ತಲೆ ಮಾತ್ರ ಉಳಿದಿರುತ್ತದೆ. ನಿಮ್ಮ ಮಗ ಮೊದಲು ಓಡುವುದು ಅಲ್ಲಿಗೇ.

ಮೇಲೆ ಮೈನಸ್ 10 ಡಿಗ್ರಿ ಸಾಮಾನ್ಯ, ಗಾಳಿ ಬೇರೆ. ಜೋರು ಗಾಳಿ ಬಂದರೆ ರೋಪ್‌ವೇ ನಿಲ್ಲಿಸುತ್ತಾರೆ, ಮಂಜು ಕವಿದರೆ ಹತ್ತು ಹೆಜ್ಜೆ ಆಚೆಯದೂ ಕಾಣುವುದಿಲ್ಲ. ಅದಕ್ಕೇ ಜಾವೊಕ್ಕೆ ಒಂದು ರಾತ್ರಿಯ ಪ್ರವಾಸ ಜೂಜು. ನಾಲ್ಕು ರಾತ್ರಿ ಇದ್ದರೆ ಒಂದಾದರೂ ಬೆಳಗ್ಗೆ ಬೆಟ್ಟ ಬಿಟ್ಟುಕೊಡುವ ಸಾಧ್ಯತೆ ಹೆಚ್ಚು. ಆಕಾಶ ತೆರೆದ ದಿನ ಸ್ಕೀ ಪಾಠವನ್ನು ಬದಿಗಿಟ್ಟು ಮೊದಲ ರೋಪ್‌ವೇ ಹತ್ತಿ.

ಜಾವೊದ ನೀರು ಕುಸಾತ್ಸುವಿನದಕ್ಕಿಂತಲೂ ಹುಳಿ, ಪಿಎಚ್ 2ಕ್ಕಿಂತ ಕಡಿಮೆ. ಬಸ್ಸಿನಿಂದ ಇಳಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ, ಅದು ಹೈಡ್ರೋಜನ್ ಸಲ್ಫೈಡ್. ಇಲ್ಲಿ ಹೆಂಗಸರಿಗೆ ಒಂದು ಮುಖ್ಯ ಎಚ್ಚರಿಕೆ: ಕಾಲುಂಗುರ, ಗೆಜ್ಜೆ, ಬೆಳ್ಳಿಯ ಉಡಿದಾರ ಯಾವುದೇ ಇರಲಿ, ನೀರಿಗಿಳಿಯುವ ಮೊದಲು ತೆಗೆದಿಡಿ. ಒಂದೇ ಸ್ನಾನಕ್ಕೆ ಬೆಳ್ಳಿ ಕಾಡಿಗೆಯಂತೆ ಕಪ್ಪಾಗುತ್ತದೆ. ಕಾಲುಂಗುರ ಬಿಗಿಯಾಗಿ ಬೆರಳಿನಿಂದ ಬರುವುದೇ ಇಲ್ಲ ಎನ್ನುವವರು ಊರಲ್ಲೇ ಸಾಬೂನು ಹಚ್ಚಿ ಸಡಿಲಿಸಿಕೊಂಡು ಹೊರಡುವುದು ಒಳ್ಳೆಯದು. ಚಿನ್ನವೂ ಹೊಳಪು ಕೆಡಬಹುದು, ಮಾಂಗಲ್ಯವನ್ನು ಕೋಣೆಯ ತಿಜೋರಿಯಲ್ಲಿಡಲು ಮನಸ್ಸು ಒಪ್ಪದಿದ್ದರೆ ಅರಿಶಿನದ ದಾರ ಕಟ್ಟಿಕೊಳ್ಳಿ. ಮೈಮೇಲೆ ಗೀರು, ಸಣ್ಣ ಗಾಯ ಇದ್ದರೆ ಚುರುಗುಟ್ಟುತ್ತದೆ. ಆ ನೀರಿನಲ್ಲಿ ಮುಖ ತೊಳೆಯಬೇಡಿ. ಚರ್ಮ ಸೂಕ್ಷ್ಮವಾದವರು ಕೊನೆಗೆ ಸಾದಾ ನೀರಿನಿಂದ ತೊಳೆದುಕೊಳ್ಳಲಿ.

ಅತ್ತೆಯವರ ವಿಷಯ. ಹೊರಡುವ ಮೊದಲು ಅವರ ವೈದ್ಯರನ್ನು ಕೇಳಿ, ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ಅಪಾಯ ಬಿಸಿನೀರಿನಿಂದ ಮಾತ್ರವಲ್ಲ, ಬಟ್ಟೆ ಬದಲಿಸುವ ತಣ್ಣನೆಯ ಕೋಣೆಯಿಂದ ಬಿಸಿನೀರಿಗೆ, ಅಲ್ಲಿಂದ ಮತ್ತೆ ಚಳಿಗೆ ಹೋಗುವ ಏರಿಳಿತದಿಂದಲೂ ಬರುತ್ತದೆ. ವೈದ್ಯರು ಒಪ್ಪಿದರೆ ಮೊದಲು ಕಾಲು, ತೊಡೆ, ಭುಜಕ್ಕೆ ತಂಬಿಗೆಯಿಂದ ನೀರು ಹೊಯ್ದುಕೊಂಡು ಮೈ ಒಗ್ಗಿಸಿ, ಎದೆಯ ಕೆಳಗಿನಷ್ಟೇ ಮುಳುಗಿ, ನಾಲ್ಕೈದು ನಿಮಿಷಕ್ಕೆ ಎದ್ದುಬಿಡಲಿ. ಏಳುವಾಗ ನಿಧಾನ, ತಲೆ ಸುತ್ತುವುದು ಆಗಲೇ. ಊಟವಾದ ಕೂಡಲೇ ಬೇಡ, ಒಬ್ಬರೇ ಹೋಗುವುದಂತೂ ಬೇಡವೇ ಬೇಡ. ಒಪ್ಪದಿದ್ದರೆ ಪಾದಸ್ನಾನದ ತೊಟ್ಟಿಗಳಿವೆ, ಕಾಲಿಳಿಬಿಟ್ಟು ಹಿಮ ನೋಡುತ್ತ ಕೂರುವುದು ಕಡಿಮೆ ಸುಖವೇನಲ್ಲ. ಪ್ರತಿ ಬುಗ್ಗೆ ಸ್ನಾನದ ಮನೆಯಲ್ಲೂ ನೀರಿನ ಅಂಶಗಳನ್ನೂ ಯಾರು ಇಳಿಯಬಾರದು ಎಂಬುದನ್ನೂ ಬರೆದು ತೂಗುಹಾಕಬೇಕೆಂದು ಜಪಾನ್‌ನ ಕಾನೂನೇ ಇದೆ. ಆದರೆ ಅದು ಜಪಾನಿ ಭಾಷೆಯಲ್ಲಿರುತ್ತದೆ, ಬಟ್ಟೆ ಬದಲಿಸುವ ಕೋಣೆಯಲ್ಲಿರುತ್ತದೆ, ಅನುವಾದಕ್ಕೆಂದು ಅಲ್ಲಿ ಮೊಬೈಲ್ ಕ್ಯಾಮೆರಾ ಎತ್ತಿದರೆ ಗಲಾಟೆಯಾಗುತ್ತದೆ. ಸ್ವಾಗತದ ಮೇಜಿನಲ್ಲೇ ಕೇಳಿ ತಿಳಿದುಕೊಳ್ಳಿ.

ಸಂಕೋಚದ ಮಾತು ನೀವು ಬರೆದಿಲ್ಲ, ಆದರೂ ಅದು ಇದ್ದೇ ಇರುತ್ತದೆ. ಸಾರ್ವಜನಿಕ ತೊಟ್ಟಿಗೆ ಬಟ್ಟೆ ಇಲ್ಲದೆಯೇ ಇಳಿಯಬೇಕು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಕೋಣೆ. ಮೊದಲು ಹೊರಗೆ ಮಣೆಯ ಮೇಲೆ ಕೂತು ಸಾಬೂನು ಹಚ್ಚಿ ಮೈ ತೊಳೆದು, ಆಮೇಲೆ ತೊಟ್ಟಿಗೆ ಇಳಿಯಬೇಕು. ಸಣ್ಣ ಟವೆಲ್ ನೀರಿಗೆ ತಾಗಬಾರದು, ತಲೆಗೂದಲು ಮೇಲೆ ಕಟ್ಟಿರಬೇಕು. ಅತ್ತೆ ಸೊಸೆ ಒಟ್ಟಿಗೆ ಹೋಗುವುದು ಮುಜುಗರವೆನಿಸಿದರೆ ‘ಕಾಶಿಕಿರಿ’ ಇರುವ ವಸತಿಯನ್ನೇ ಆರಿಸಿ. ಮುಕ್ಕಾಲು ಗಂಟೆಯ ಮಟ್ಟಿಗೆ ಒಂದು ಸ್ನಾನದ ಕೋಣೆ ಒಂದೇ ಕುಟುಂಬಕ್ಕೆ, ಒಳಗಿನಿಂದ ಚಿಲಕ. ನಿಮ್ಮ ಮನೆಮಂದಿಗೆ ಇದಕ್ಕೆ ಕೊಡುವ ಹೆಚ್ಚುವರಿ ಹಣ ಸಾರ್ಥಕ.

ಊಟವೇ ನಿಮ್ಮ ನಿಜವಾದ ತೊಡಕು, ಹಿಮವಲ್ಲ. ಅಲ್ಲಿನ ಸಾಂಪ್ರದಾಯಿಕ ವಸತಿಗಳಾದ ರ್ಯೊಕಾನ್‌ಗಳಲ್ಲಿ ರಾತ್ರಿಯ ಊಟ, ಬೆಳಗಿನ ಉಪಾಹಾರ ಸೇರಿಸಿಯೇ ಬಾಡಿಗೆ. ತಿನಿಸು ಹತ್ತಾರು ಬಟ್ಟಲುಗಳಲ್ಲಿ ಬರುತ್ತದೆ, ಮೀನು ಕಾಣದ ಬಟ್ಟಲಿನಲ್ಲೂ ಮೀನಿನ ಸಾರು ಇರುತ್ತದೆ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಮೀನಿನ ಸಾರು, ಮೊಟ್ಟೆ ಇವುಗಳಲ್ಲಿ ಯಾವುದು ಬೇಡ ಎಂದು ಜಪಾನಿ ಭಾಷೆಯಲ್ಲಿ ಬರೆಸಿ, ಕೋಣೆ ಕಾಯ್ದಿರಿಸುವಾಗಲೇ ಕಳಿಸಬೇಕು. ಬೆಟ್ಟದ ಮೇಲಿನ ಸಣ್ಣ ಅಡುಗೆಮನೆಗಳು ಆ ದಿನ ಸಂಜೆ ಹೇಳಿದರೆ ಏನೂ ಮಾಡಲಾರವು. ಆಗುವುದಿಲ್ಲ ಎಂದು ಅವರು ಉತ್ತರಿಸಿದರೆ ಬೇಸರ ಪಡದೆ ಊಟವಿಲ್ಲದ ಕೋಣೆ ಕೇಳಿ. ಜಾವೊದ ಬೀದಿಯಲ್ಲಿ ಕಡ್ಡಿಗೆ ಚುಚ್ಚಿದ ಕೊನ್ಯಾಕು ಉಂಡೆಗಳನ್ನು ಆವಿಯಾಡುವ ಪಾತ್ರೆಯಿಂದ ತೆಗೆದು ಕೊಡುತ್ತಾರೆ. ಅದು ಗೆಡ್ಡೆಯ ಹಿಟ್ಟಿನದು, ನೋಡಲು ಅಪ್ಪಟ ಸಸ್ಯಾಹಾರ. ಆದರೆ ಬೇಯಿಸುವ ನೀರಿಗೆ ಒಣ ಸ್ಕ್ವಿಡ್ ಹಾಕುವ ರೂಢಿಯಿದೆ, ಕೇಳದೆ ಬಾಯಿಗಿಡಬೇಡಿ. ಬಿದಿರೆಲೆಯ ಮೇಲೆ ಕೊಡುವ, ಒಳಗೆ ಸಿಹಿ ಕಾಳಿನ ಹೂರಣವಿರುವ ‘ಇಗಾಮೋಚಿ’ ಮಾತ್ರ ಧೈರ್ಯವಾಗಿ ತಿನ್ನಬಹುದು. ಅನ್ನ ಎಲ್ಲೆಡೆ ಸಿಗುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಬಿಸಿನೀರು ಹೊಯ್ದರೆ ಆಗುವ ಉಪ್ಪಿಟ್ಟಿನ ಪೊಟ್ಟಣಗಳು ನಿಮ್ಮ ಚೀಲದಲ್ಲಿದ್ದರೆ ನಾಲ್ಕು ರಾತ್ರಿ ದೊಡ್ಡದಲ್ಲ.

ಸ್ಕೀ ಪಾಠಕ್ಕೆ ಬಂದರೆ, ಮಗನನ್ನು ಮೊದಲ ದಿನವೇ ಶಾಲೆಗೆ ಬಿಡಿ, ನೀವೇ ಕಲಿಸಲು ಹೋಗಬೇಡಿ. ಜಾವೊದಲ್ಲಿ ಇಂಗ್ಲಿಷ್ ಬಲ್ಲ ಶಿಕ್ಷಕರು ನಿಸೆಕೊದಷ್ಟು ಇಲ್ಲ, ಮುಂಗಡವಾಗಿ ಕೇಳಿಡಬೇಕು. ಊರಿನ ಅಂಚಿನಲ್ಲೇ ಇರುವ ಉವಾನೊದಾಯ್ ಇಳಿಜಾರು ಕಲಿಯುವವರಿಗೆ ತಕ್ಕದ್ದು. ಜಾಕೆಟ್, ಪ್ಯಾಂಟ್, ಬೂಟು, ಸ್ಕೀ ಎಲ್ಲವೂ ಬಾಡಿಗೆಗೆ ಸಿಗುತ್ತವೆ. ಕೈಗವಸು, ಕನ್ನಡಕ, ಒಳಗಿನ ಉಣ್ಣೆಯ ಉಡುಪು ನಿಮ್ಮವೇ ಇರಲಿ. ಪಾದದ ಅಳತೆಯನ್ನು ಸೆಂಟಿಮೀಟರ್‌ಗಳಲ್ಲಿ ಬರೆದುಕೊಂಡು ಹೋಗಿ. ಪ್ರಯಾಣ ವಿಮೆ ಮಾಡಿಸುವಾಗ ಸ್ಕೀಯಿಂಗ್ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ, ಹಲವು ಪಾಲಿಸಿಗಳು ಅದನ್ನು ಸದ್ದಿಲ್ಲದೆ ಹೊರಗಿಡುತ್ತವೆ.

ನಕ್ಷೆ ನೋಡುವಾಗ ಬೀಳಬಹುದಾದ ಒಂದು ಹಳ್ಳವನ್ನು ತೋರಿಸಿಬಿಡುತ್ತೇನೆ. ಮಗನಿಗೆ ಬಿಸಿನೀರಿನಲ್ಲಿ ಕೂರುವ ಕೋತಿಗಳನ್ನು ತೋರಿಸಬೇಕೆಂಬ ಆಸೆ ನಿಮಗೆ ಬಂದೇ ಬರುತ್ತದೆ. ಆ ಕೋತಿಗಳ ತಾಣವಾದ ಜಿಗೊಕುದಾನಿ ಇರುವುದು ನಾಗಾನೊ ಪ್ರಾಂತ್ಯದ ಶಿಬು ಒನ್ಸೆನ್ ಪಕ್ಕದಲ್ಲಿ, 1998ರ ಒಲಿಂಪಿಕ್ಸ್ ನಡೆದ ಶಿಗಾ ಕೋಗೆನ್ ಸ್ಕೀ ಪ್ರದೇಶದ ಬುಡದಲ್ಲಿ. ನಕ್ಷೆಯಲ್ಲಿ ಅಲ್ಲಿಂದ ಕುಸಾತ್ಸುವಿಗೆ ಒಂದೇ ರಸ್ತೆ, ಗೇಣು ದೂರ. ಆ ರಸ್ತೆ ನವೆಂಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಹಿಮದಡಿ ಮುಚ್ಚಿರುತ್ತದೆ, ಬೆಟ್ಟ ಸುತ್ತಿ ಹೋಗುವಷ್ಟರಲ್ಲಿ ದಿನ ಕಳೆಯುತ್ತದೆ. ಜಾವೊದಿಂದಂತೂ ಅದು ಬೇರೆಯದೇ ದಿಕ್ಕು. ಕೋತಿ ನೋಡಲೇಬೇಕೆಂದಾದರೆ ಜಾವೊ ಬಿಟ್ಟು ಶಿಬುವಿನಲ್ಲೇ ತಂಗಿ. ಅಲ್ಲಿ ತಂಗಿದವರಿಗೆ ಒಂಬತ್ತು ಹಳೆಯ ಸ್ನಾನದ ಮನೆಗಳ ಬೀಗದ ಕೈ ಕೊಡುತ್ತಾರೆ. ಎರಡನ್ನೂ ನಾಲ್ಕು ರಾತ್ರಿಯಲ್ಲಿ ತುರುಕಬೇಡಿ. ಕೋತಿಗಳ ಬಳಿಗೆ ಕಾಡಿನ ಹಿಮದ ಹಾದಿಯಲ್ಲಿ ಅರ್ಧ ಗಂಟೆಗೂ ಹೆಚ್ಚು ನಡೆಯಬೇಕು, ಅತ್ತೆಯವರಿಗೆ ಅದು ಆಗದು.

ಪ್ರಯಾಣ ಸುಲಭವಾಗಿದೆ. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ನೇರ ವಿಮಾನವಿದೆ. ಟೋಕಿಯೊದಿಂದ ಯಮಗಾತಾಕ್ಕೆ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆಗೆ ಸ್ವಲ್ಪ ಹೆಚ್ಚು, ನಿಲ್ದಾಣದ ಮುಂದಿನಿಂದಲೇ ಜಾವೊಕ್ಕೆ 40 ನಿಮಿಷದ ಬಸ್. ರೈಲಿಗೆ ಒಬ್ಬರಿಗೆ ಒಂದು ಕಡೆಗೆ ಸುಮಾರು 11 ಸಾವಿರ ಯೆನ್. ಇಡೀ ದೇಶಕ್ಕೆ ನಡೆಯುವ ಏಳು ದಿನದ ರೈಲ್ವೆ ಪಾಸ್ 2023ರ ಅಕ್ಟೋಬರ್‌ನಲ್ಲಿ 50 ಸಾವಿರ ಯೆನ್‌ಗೆ ಏರಿತು; ಹೋಗಿ ಬರುವ ಟಿಕೆಟ್ ಅದರ ಅರ್ಧಕ್ಕಿಂತ ಕಡಿಮೆಯಾಗುವಾಗ ಪಾಸ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ದೊಡ್ಡ ಪೆಟ್ಟಿಗೆಗಳನ್ನು ಟೋಕಿಯೊ ಹೋಟೆಲ್‌ನಿಂದಲೇ ‘ತಕ್ಯುಬಿನ್’ ಸೇವೆಯಲ್ಲಿ ಜಾವೊದ ವಸತಿಗೆ ಕಳಿಸಿಬಿಡಿ, ಮಾರನೆಯ ದಿನವೋ ಅದರ ಮರುದಿನವೋ ತಲುಪುತ್ತದೆ. ಹಿಮದಲ್ಲಿ ಚಕ್ರದ ಪೆಟ್ಟಿಗೆ ಎಳೆಯುವುದಕ್ಕಿಂತ ಹೊತ್ತುಕೊಳ್ಳುವುದೇ ಮೇಲು ಎನಿಸುತ್ತದೆ, ಎರಡೂ ಬೇಡ. ಮಾತ್ರೆಗಳನ್ನು ಮಾತ್ರ ಆ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಟ್ಟುಕೊಳ್ಳಿ.

ಮೊದಲು ಮಾಡಬೇಕಾದ ಕೆಲಸ ವಿಮಾನದ ಟಿಕೆಟ್ ಅಲ್ಲ, ಜಾವೊದ ಕೋಣೆ. ಫೆಬ್ರವರಿಯಲ್ಲಿ ಹಿಮರಾಕ್ಷಸರನ್ನು ನೋಡಲು ಜಪಾನಿಯರೂ ತೈವಾನ್‌ನವರೂ ಮುಗಿಬೀಳುತ್ತಾರೆ, ಚೀನೀ ಹೊಸ ವರ್ಷದ ರಜೆ ಅದೇ ಹೊತ್ತಿಗೆ ಬಂದರೆ ಒಳ್ಳೆಯ ಕೋಣೆಗಳು ಶರತ್ಕಾಲಕ್ಕೇ ಮುಗಿದುಹೋಗುತ್ತವೆ. ರದ್ದುಮಾಡಲು ಅವಕಾಶವಿರುವ ದರದಲ್ಲಿ ಕೋಣೆ ಹಿಡಿದು, ಊಟದ ಪತ್ರಕ್ಕೆ ಅವರ ಉತ್ತರ ಬಂದ ಮೇಲೆ ವಿಮಾನದ ಟಿಕೆಟ್‌ಗೆ ಹಣ ಕಟ್ಟಿ, ವೀಸಾಕ್ಕೆ ಅರ್ಜಿ ಹಾಕಿ. ಜಾವೊದಲ್ಲಿ ಕೋಣೆ ಸಿಗದಿದ್ದರೆ ಯಮಗಾತಾ ನಗರದಲ್ಲಿ ಉಳಿದು ದಿನವೂ ಓಡಾಡುವ ಲೆಕ್ಕ ಹಾಕಬೇಡಿ, ನೇರವಾಗಿ ಕುಸಾತ್ಸುವಿಗೆ ಹೊರಳಿ.